ಹೊಸ ನರ್ಸಿಗೆ ಮನಸ್ಸೊಪ್ಪುವ ಕೆಲಸ

ಪದವಿ ಮುಗಿಸಿದವರನ್ನು ಊರಿನ ಜನ ಕೇಳುವ ಮೊದಲ ಪ್ರಶ್ನೆ ‘ಕೆಲಸ ಸಿಕ್ಕಿತೇ?’ ಎಂಬುದು. ಎರಡನೆಯದು ‘ಸಂಬಳವೆಷ್ಟು?’ ಎಂಬುದು. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಸಿಕ್ಕಿದ ಕೆಲಸ ಮನಸ್ಸಿಗೆ ಒಪ್ಪಿತೇ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನರ್ಸುಗಳ ವಿಷಯದಲ್ಲಂತೂ ‘ನರ್ಸಿಂಗ್ ಓದಿದವರಿಗೆ ಕೆಲಸಕ್ಕೇನು ಬರ?’ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕೆಲಸಕ್ಕೆ ಬರವಿಲ್ಲ, ನಿಜ. ಆದರೆ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ದೊಡ್ಡ ನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದ ನಮ್ಮಕ್ಕ ಮೂರೇ ತಿಂಗಳಿಗೆ ಬ್ಯಾಗು ಹಿಡಿದು ಮನೆಗೆ ಬಂದಳು. ಅಪ್ಪ ಆ ರಾತ್ರಿ ಊಟದ ತಟ್ಟೆಯ ಮುಂದೆ, “ಸಾಲ ಮಾಡಿ ಓದಿಸಿದ್ದು ಇದಕ್ಕೇನಮ್ಮ?” ಎಂದರು. ಅಕ್ಕ ಉತ್ತರ ಕೊಡಲಿಲ್ಲ. ಉತ್ತರ ಅವಳಿಗೂ ಆಗ ತಿಳಿದಿರಲಿಲ್ಲವೆಂದು ಈಗ ನನಗೆ ತೋರುತ್ತದೆ. ಅದನ್ನು ಹುಡುಕಿಕೊಂಡು ನಾನು ಅವಳ ಪುಸ್ತಕಗಳನ್ನು ತಿರುವಿಹಾಕತೊಡಗಿದೆ. ಸಮಾಜಶಾಸ್ತ್ರದ ವಿದ್ಯಾರ್ಥಿಯೊಬ್ಬ ಈ ವಿಷಯಕ್ಕೆ ಕೈಹಾಕಿದ್ದಕ್ಕೆ ವಾಚಕರು ಇದನ್ನೇ ಸಮಾಧಾನವೆಂದು ತಿಳಿಯಬೇಕು.

ನರ್ಸಾಗಲು ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ: ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್‌ಸಿ. ಯಾವುದನ್ನು ಮುಗಿಸಿದರೂ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಕೆಲಸ ಮಾಡುವಂತಿಲ್ಲ. ಓದುವಾಗ ಒಂದು ದಿನ ಬಿಳಿಯ ಉಡುಪು ತೊಟ್ಟು, ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುವ ಸಮಾರಂಭವೊಂದು ನಡೆಯುತ್ತದೆ. ಅಕ್ಕನ ಆ ಪಟ ನಮ್ಮ ಮನೆಯ ಗೋಡೆಯಲ್ಲಿ ದೇವರ ಪಟಗಳ ಪಕ್ಕದಲ್ಲೇ ಇದೆ. ದೀಪ ಹಿಡಿದಾಗ ಮುಖದಲ್ಲಿದ್ದ ಬೆಳಕು ಮೂರು ತಿಂಗಳಲ್ಲಿ ಆರಿಹೋದದ್ದು ಹೇಗೆ?

ನಡೆದದ್ದು ಇಷ್ಟು. ಸೇರಿದ ಎರಡನೆಯ ವಾರಕ್ಕೇ ಅವಳನ್ನು ರಾತ್ರಿ ಪಾಳಿಗೆ ಹಾಕಿದರು. ವಾರ್ಡಿನಲ್ಲಿ 24 ಜನ ರೋಗಿಗಳು. ನೋಡಿಕೊಳ್ಳಲು ಅವಳು ಮತ್ತು ಒಬ್ಬ ಆಯಾ. ಒಂದು ರಾತ್ರಿ ಒಂದು ಹಾಸಿಗೆಯ ಸೂಜಿಮದ್ದನ್ನು ಸಿದ್ಧಮಾಡಿಕೊಂಡು ಇನ್ನೊಂದು ಹಾಸಿಗೆಯ ಬಳಿ ನಿಂತಿದ್ದಳು. ಮುದುಕನ ಮಗ ನಿದ್ದೆಗಣ್ಣಿನಲ್ಲಿಯೇ, “ಸಿಸ್ಟರ್, ನಮ್ಮಪ್ಪನಿಗೆ ಆಗಲೇ ಕೊಟ್ಟಿರಲ್ಲ” ಎಂದ. ಆ ಒಂದು ಮಾತು ಇಬ್ಬರನ್ನು ಉಳಿಸಿತು. ಬೆಳಿಗ್ಗೆ ಅಕ್ಕ ನಡೆದದ್ದನ್ನು ಮೇಲಿನವರಿಗೆ ತಾನಾಗಿಯೇ ಹೇಳಿದಳು. ಅವರು ಬಯ್ಯಲೂ ಇಲ್ಲ, ಹೇಳಿಕೊಡಲೂ ಇಲ್ಲ. “ಏನೂ ಆಗಲಿಲ್ಲವಲ್ಲ, ಬರೆದಿಡಬೇಡ” ಎಂದರಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಅಂದಿನಿಂದ ಕೈ ನಡುಗಲು ಮೊದಲಾಯಿತು.

ಇದು ಒಬ್ಬಳ ದೌರ್ಬಲ್ಯವೆಂದೇ ನಾವೆಲ್ಲ ತಿಳಿದಿದ್ದೆವು. ಆದರೆ 1974ರಷ್ಟು ಹಿಂದೆಯೇ ಅಮೆರಿಕದ ಮರ್ಲೀನ್ ಕ್ರೇಮರ್ ಎಂಬಾಕೆ ಇದಕ್ಕೆ ‘ವಾಸ್ತವದ ಆಘಾತ’ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹೊಸ ನರ್ಸಿಗೆ ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಓದಿದ್ದಕ್ಕೂ ವಾರ್ಡಿಗೂ ಇರುವ ಅಂತರ ಒಮ್ಮೆಗೇ ಎದುರಾಗುತ್ತದೆ. ಆ ಹೊತ್ತಿಗೆ ಕೈಹಿಡಿಯುವವರು ಸಿಕ್ಕರೆ ಚೇತರಿಕೆ, ಸಿಗದಿದ್ದರೆ ಕೆಲಸ ಬಿಡುವುದು, ಇಲ್ಲವೇ ಕಲ್ಲಾಗಿ ಉಳಿಯುವುದು. 1984ರಲ್ಲಿ ಪ್ಯಾಟ್ರಿಷಿಯಾ ಬೆನ್ನರ್ ಇನ್ನೊಂದು ಮಾತನ್ನು ತೋರಿಸಿಕೊಟ್ಟರು. ಹೊಸಬರಿಂದ ಪರಿಣತರವರೆಗೆ ನರ್ಸು ಐದು ಮೆಟ್ಟಿಲು ಹತ್ತಬೇಕು; ನಡುವಿನ ಮೆಟ್ಟಿಲಾದ ‘ಸಮರ್ಥತೆ’ಗೆ ಬರಲು ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕು. ಕಾಲೇಜಿನಿಂದ ಹೊರಬಂದವಳು ಎರಡನೆಯ ವಾರಕ್ಕೇ ಸಮರ್ಥಳಾಗಿರಬೇಕೆಂದು ಅಪೇಕ್ಷಿಸುವುದು ಬಿತ್ತಿದ ಮರುದಿನವೇ ಕುಡುಗೋಲು ಹಿಡಿದು ಹೊಲಕ್ಕೆ ಹೋದಂತೆ.

ಹಾಗಾದರೆ ಕೆಲಸ ಹುಡುಕುವವಳು ಮೊದಲು ಕೇಳಬೇಕಾದದ್ದೇನು? ನನಗೆ ತೋರುವಂತೆ ಒಂದು ಲೆಕ್ಕ: ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪದ ದೇವಿಯೆಂದು ಪೂಜಿಸುತ್ತೇವೆ. 1854ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಹೋದ ಆಕೆ ದೀಪ ಹಿಡಿದದ್ದು ನಿಜವೇ. ಆದರೆ ಅವಳು ಸತ್ತವರನ್ನು ಎಣಿಸಿದಳು, ಏಕೆ ಸತ್ತರೆಂದು ಪಟ್ಟಿ ಮಾಡಿದಳು, ಚಿತ್ರ ಬರೆದು ಸರ್ಕಾರದ ಮುಂದಿಟ್ಟಳು. ಲಂಡನಿನ ಸಂಖ್ಯಾಶಾಸ್ತ್ರ ಸಂಘ ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡದ್ದು ಅವಳನ್ನೇ. ದೀಪವನ್ನು ಇಟ್ಟುಕೊಂಡು ಲೆಕ್ಕವನ್ನು ಬಿಟ್ಟದ್ದು ನಮ್ಮ ಜಾಣತನ! 2002ರಲ್ಲಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ನರ್ಸೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತಿತ್ತು. ನರ್ಸು ಬಳಲಿ ಬತ್ತಿಹೋಗುವ ಸಂಭವ ಶೇಕಡ 23ರಷ್ಟು, ಕೆಲಸದಲ್ಲಿ ಅತೃಪ್ತಿ ಶೇಕಡ 15ರಷ್ಟು ಹೆಚ್ಚುತ್ತಿತ್ತು. ನರ್ಸಿನ ತೃಪ್ತಿ ಅವಳ ಮನೆಯ ವಿಷಯವೆಂದು ತಿಳಿದಿರುವ ರೋಗಿಗಳು ಈ ಅಂಕಿಗಳನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಭಾರತೀಯ ಶುಶ್ರೂಷಾ ಪರಿಷತ್ತು ಹಾಕಿಕೊಟ್ಟ ಪ್ರಮಾಣ ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು. ಅಕ್ಕನಿಗಿದ್ದದ್ದು 24.

ಸಂಬಳದ ಮಾತನ್ನು ಬಿಡಲಾಗದು. ಸಾಲದ ಕಂತು ತೃಪ್ತಿಯ ಮಾತನ್ನು ಕೇಳುವುದಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಸಮಿತಿ ಖಾಸಗಿ ನರ್ಸುಗಳಿಗೆ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು, 200 ಹಾಸಿಗೆಗಳಿಗೆ ಮೀರಿದಲ್ಲಿ ಸರ್ಕಾರಿ ನರ್ಸಿನ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸೇ, ಕಾನೂನಲ್ಲ. ಆದರೂ ಸಂದರ್ಶನಕ್ಕೆ ಹೋಗುವ ಹುಡುಗಿಗೆ ಈ ಅಂಕಿ ಬಾಯಲ್ಲಿರಬೇಕು.

ಸರ್ಕಾರಿ ನೌಕರಿ ಎಲ್ಲರ ಕನಸು. ಏಮ್ಸ್ ಸಂಸ್ಥೆಗಳು ಶುಶ್ರೂಷಾಧಿಕಾರಿಗಳನ್ನು ಆರಿಸಲು ದೇಶಕ್ಕೆಲ್ಲ ಒಂದೇ ಪರೀಕ್ಷೆ ನಡೆಸುತ್ತವೆ. ಅದಕ್ಕೆ ಕುಳಿತವರ ಕಥೆ ನಮ್ಮ ಕೆ.ಎ.ಎಸ್. ಆಕಾಂಕ್ಷಿಗಳ ಕಥೆಯೇ. ವಿದೇಶದ ಮಾತೂ ಹಾಗೆಯೇ. ಕೊಲ್ಲಿ ದೇಶಗಳವರು ಸಾಮಾನ್ಯವಾಗಿ ಮೊದಲು ಅನುಭವ ಕೇಳುತ್ತಾರೆ, ಆ ಅನುಭವ ಇಲ್ಲಿಯೇ ಆಗಬೇಕು. ಮನೋರೋಗಿಗಳ ಶುಶ್ರೂಷೆಯಲ್ಲಿ ಒಲವಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮುಂದಿನ ಓದಿದೆ.

ನಮ್ಮ ಹಳ್ಳಿಗಾಡಿನ ಹುಡುಗಿಯರು ಯೋಚಿಸದೆ ಬಿಡುವ ಒಂದು ದಾರಿಯಿದೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಹುಟ್ಟಿತು. ಬಯಲುಸೀಮೆಯಲ್ಲಿ ಸುಮಾರು 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಕೇಂದ್ರ. ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಪತ್ತೆಮಾಡಿ ತಿಂಗಳ ಮಾತ್ರೆ ಕೊಡುವುದು, ಬಸುರಿಯರನ್ನು ನೋಡುವುದು, ಬೇಕಾದಾಗ ಇ-ಸಂಜೀವಿನಿಯ ಮೂಲಕ ಡಾಕ್ಟರರ ಸಲಹೆ ಪಡೆಯುವುದು ಅಲ್ಲಿನ ಕೆಲಸ. ಗುತ್ತಿಗೆಯ ನೌಕರಿಯೆಂಬ ಕೊರಗು ಇದ್ದೇ ಇದೆ. ಆದರೆ ರೋಗಿ ಯಾರ ಮಗ, ಯಾವ ಬೀದಿ, ಮಾತ್ರೆ ನುಂಗಿದನೋ ಬಿಟ್ಟನೋ ಎಂಬುದು ತಿಳಿದಿರುವ ಶುಶ್ರೂಷೆಯ ಸುಖ ನಗರದ ವಾರ್ಡಿನಲ್ಲಿಲ್ಲ. ಒಂದು ಎಚ್ಚರಿಕೆ: ಅಲ್ಲಿ ಪಕ್ಕದಲ್ಲಿ ಹಿರಿಯ ನರ್ಸು ಇರುವುದಿಲ್ಲ. ಆಸ್ಪತ್ರೆಯಲ್ಲಿ ಒಂದೆರಡು ವರ್ಷ ಕೈ ಪಳಗಿಸಿಕೊಂಡು ಹೋದವರಿಗೇ ಅದು ಹಿತವೆಂದು ನನ್ನ ಮತ.

ಇನ್ನೊಂದು ವಿಷಯ. ಅಕ್ಕ ಕೆಲಸ ಬಿಟ್ಟಾಗ ಆ ಆಸ್ಪತ್ರೆಯವರು ಸೇರುವಾಗ ಇಟ್ಟುಕೊಂಡಿದ್ದ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಲಿಲ್ಲ. ಅಪ್ಪ ಹೊಲದ ಕೆಲಸ ಬಿಟ್ಟು ನಾಲ್ಕು ಸಲ ಬಸ್ಸು ಹತ್ತಿದರು. ಗಾಜಿನ ಬಾಗಿಲಿನಾಚೆ ಕುಳಿತವರು ಪ್ರತಿ ಸಲವೂ “ನಾಳೆ ಬನ್ನಿ” ಎಂದರು. ಐದನೆಯ ಸಲ ನಾನೂ ಹೋಗಿ ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿದೆ. ಸ್ವೀಕೃತಿಯ ಬದಲು ಅಂಕಪಟ್ಟಿಗಳೇ ಬಂದವು. ಆದ್ದರಿಂದ ಸೇರುವ ಮುನ್ನ ಕೇಳಬೇಕು: ಮೂಲ ಪ್ರಮಾಣಪತ್ರ ಏಕೆ ಬೇಕು, ನಕಲು ಸಾಲದೇ? ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆಯೇ? ಎಷ್ಟು ದಿನ ಹಿರಿಯರ ಜೊತೆ ಹಾಕುತ್ತಾರೆ? ತಪ್ಪಾದರೆ ಬರೆದಿಡುತ್ತಾರೆಯೇ? ಅದಕ್ಕಿಂತ ಒಳ್ಳೆಯ ಉಪಾಯವನ್ನು ಅಕ್ಕ ಹೇಳಿದಳು. ಸಂದರ್ಶನ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದು ಲೋಟ ಟೀ ಕುಡಿಯುತ್ತಾ ಅಲ್ಲಿನ ನರ್ಸುಗಳನ್ನು, “ಇಲ್ಲಿಗೆ ಬಂದು ಎಷ್ಟು ದಿನವಾಯಿತು ಸಿಸ್ಟರ್?” ಎಂದು ಕೇಳಬೇಕಂತೆ. ಎಲ್ಲರೂ ತಿಂಗಳಲ್ಲೇ ಉತ್ತರ ಹೇಳಿದರೆ ಎದ್ದು ಬರಬೇಕಂತೆ.

ಅವಳು ಈಗ ತಾಲ್ಲೂಕು ಕೇಂದ್ರದ ಧರ್ಮಾರ್ಥ ಆಸ್ಪತ್ರೆಯೊಂದರಲ್ಲಿದ್ದಾಳೆ. ಸಂಬಳ ಮೊದಲಿನದಕ್ಕಿಂತ ಕಡಿಮೆ. ಅಪ್ಪನಿಗೆ ಆ ಅಸಮಾಧಾನ ಇನ್ನೂ ಹೋಗಿಲ್ಲ. ಅಲ್ಲಿನ ಹಿರಿಯ ಸಿಸ್ಟರ್ ಮೂರು ತಿಂಗಳು ಇವಳನ್ನು ಒಂಟಿಯಾಗಿ ಬಿಡಲಿಲ್ಲ. ಸೂಜಿಮದ್ದು ಕೊಡುವ ಮುನ್ನ ರೋಗಿಯ ಬಾಯಿಂದಲೇ ಹೆಸರು ಹೇಳಿಸಬೇಕು, ಕೈಪಟ್ಟಿ ನೋಡಬೇಕು. ಮರೆತರೆ ಎಲ್ಲರೆದುರೇ ಗದರಿಕೆ. ಅಕ್ಕನ ಕೈ ನಡುಗುವುದು ನಿಂತಿತು. ಹೋದ ತಿಂಗಳು ಆ ವಾರ್ಡಿಗೆ ಹೊಸಬಳೊಬ್ಬಳು ಸೇರಿದಳು. ಅವಳ ಮೊದಲ ರಾತ್ರಿ ಪಾಳಿಗೆ ಯಾರೂ ಹೇಳದಿದ್ದರೂ ಅಕ್ಕ ತನ್ನ ರಜೆಯನ್ನು ಬಿಟ್ಟು ಹೋದಳು. “ಹಬ್ಬಕ್ಕೆ ಬರುತ್ತೇನೆಂದಿದ್ದೆಯಲ್ಲ” ಎಂದು ಅವ್ವ ಫೋನಿನಲ್ಲಿ ಆಕ್ಷೇಪಿಸಿದಾಗ, “ಒಬ್ಬಟ್ಟು ಎತ್ತಿಡವ್ವಾ, ನಾಡಿದ್ದು ಬರ್ತೀನಿ” ಎಂದಳು.