ಹಿತ್ತಲ ಹಕ್ಕಿ, ಕಟ್ಟೆಯ ಮಾತು: ಬರದ ವರ್ಷದ ಒಂದು ಅನುಭವ

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಸಾರಿತು. ನಮ್ಮ ವಿಜಯಪುರ ಜಿಲ್ಲೆಯೂ ಅದರಿಂದ ಹೊರಗುಳಿಯಲಿಲ್ಲ. ತೊಗರಿ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಉತ್ತರಿ, ಹಸ್ತ ಮಳೆಗಳನ್ನು ನಂಬಿ ಹಿಂಗಾರಿ ಜೋಳಕ್ಕೆಂದು ಹೊಲ ಹರಗಿ ಇಟ್ಟವರಲ್ಲಿ ಅನೇಕರು ಕೂರಿಗೆಯನ್ನು ಹೊರಗೆ ತೆಗೆಯಲೇ ಇಲ್ಲ. ಎರೆಭೂಮಿಯ ಜೋಳವೆಂದರೆ ನೆಲ ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆಯುವ ಪೈರು. ಹಸಿಯೇ ಇಲ್ಲವೆಂದ ಮೇಲೆ ಬೀಜ ಬಿತ್ತಿ ಫಲವೇನು?

ನನ್ನ ಮನೆ ವಿಜಯಪುರ ನಗರದ ಜೋರಾಪುರ ಪೇಟೆಯಲ್ಲಿ, ಹೊಲ ತಿಕೋಟಾ ಕಡೆಗೆ. ಹೀಗೆ ಪೇಟೆಯಲ್ಲಿದ್ದುಕೊಂಡು ಒಕ್ಕಲುತನ ಮಾಡುವವರು ನಮ್ಮ ಓಣಿಯಲ್ಲಿ ಐದು ಮಂದಿ ಇದ್ದೇವೆ. ಬೆಳಗಿನ ಚಹಾ ಕುಡಿದು, ಗುಡಿಯ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತು ಮಾತಾಡಿ, ಆಮೇಲೆ ಹೊಲದ ದಾರಿ ಹಿಡಿಯುವುದು ನಮ್ಮ ತಂದೆಯವರ ಕಾಲದಿಂದ ಬಂದ ರೂಢಿ. ಆ ವರ್ಷ ದಸರೆಯ ಹೊತ್ತಿಗೆ ಕಟ್ಟೆ ಬರಿದಾಯಿತು. ಯಾರೂ ಜಗಳ ಮಾಡಿಕೊಂಡಿರಲಿಲ್ಲ. ಎದುರು ಸಿಕ್ಕವನು "ಬಿತ್ತಿದಿಯೇನು?" ಎಂದು ಕೇಳಿದರೆ ಹೇಳಲು ಉತ್ತರವಿಲ್ಲ, ಅದಕ್ಕೇ ಒಬ್ಬೊಬ್ಬರಾಗಿ ಮನೆ ಹಿಡಿದು ಕುಳಿತರು. ನಾನೂ ಕುಳಿತೆ.

ನಮ್ಮಲ್ಲೊಬ್ಬನ ಸ್ಥಿತಿ ಎಲ್ಲರಿಗಿಂತ ಬಿಗಿಯಾಗಿತ್ತು. ಅವನ ಹೆಸರು ಬೇಡ, ಗೆಳೆಯನೆಂದೇ ಕರೆಯುತ್ತೇನೆ. ಅವನಿಗೆ ತೊಗರಿಯ ಜೊತೆಗೆ ಒಂದೆಕರೆ ದ್ರಾಕ್ಷಿ ಇತ್ತು. ಬೋರು ಬತ್ತಿದ್ದರಿಂದ ಬಳ್ಳಿ ಒಣಗದಂತೆ ಟ್ಯಾಂಕರಿನ ನೀರು ಹಾಕಿಸುತ್ತಿದ್ದ. ತೊಗರಿ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ದ್ರಾಕ್ಷಿ ಬಳ್ಳಿ ಸತ್ತರೆ ಕಂಬ, ತಂತಿ, ಹಲವು ವರ್ಷಗಳ ದುಡಿಮೆ ಎಲ್ಲ ಹೋದಂತೆಯೇ. ಹೀಗಾಗಿ ಸಾಲದ ಮೇಲೆ ಸಾಲ ಮಾಡಿದ. ಕ್ರಮೇಣ ಅವನು ಓಣಿಯಲ್ಲಿ ಕಾಣಿಸುವುದೇ ನಿಂತಿತು. ಕರೆದರೆ ಒಳಗಿನಿಂದಲೇ "ಮೈಯಾಗ ಆರಾಮಿಲ್ಲ" ಎನ್ನುತ್ತಿದ್ದ.

ನೀರಿನ ಪರಾತ

ನಮ್ಮ ಮನೆಯಲ್ಲಿ ವಯಸ್ಸಾದ ಸೋದರತ್ತೆ ಇದ್ದಾಳೆ. 1972ರ ಬರದಲ್ಲಿ ಬರಗಾಲ ಕಾಮಗಾರಿಗೆ ಹೋಗಿ ರಸ್ತೆಗೆ ಜಲ್ಲಿ ಒಡೆದವಳು. ಮನೆಯಲ್ಲಿ ಕುಡಿಯುವ ನೀರಿಗೇ ತತ್ವಾರವಿದ್ದ ದಿನಗಳಲ್ಲೂ ಅವಳು ಹಿತ್ತಲ ಬೇವಿನ ಮರದ ಕೆಳಗೆ ಒಂದು ಹಳೆಯ ಮಣ್ಣಿನ ಪರಾತದಲ್ಲಿ ಹಕ್ಕಿಗಳಿಗೆ ನೀರಿಡುವುದನ್ನು ಬಿಡಲಿಲ್ಲ. ನಾನು ಒಮ್ಮೆ ಸಿಡುಕಿದೆ. ಅವಳು ಮರುಮಾತಾಡಲಿಲ್ಲ, ತನ್ನ ಸ್ನಾನದ ನೀರಿನಲ್ಲಿ ಒಂದು ತಂಬಿಗೆ ಕಡಿಮೆ ಮಾಡಿಕೊಂಡಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಮನೆ ಹಿಡಿದು ಕುಳಿತವನಿಗೆ ನೋಡಲು ಹಿತ್ತಲ ಬಿಟ್ಟರೆ ಬೇರೇನಿದೆ? ನೋಡುತ್ತ ನೋಡುತ್ತ ಲೆಕ್ಕ ಸಿಗತೊಡಗಿತು. ನಸುಕಿಗೆ ಮೊದಲು ಬರುವುದು ಗುಬ್ಬಿ. ಆಮೇಲೆ ಪಿಕಳಾರದ ಜೋಡಿ. ಬಿಸಿಲೇರುವ ಮುನ್ನ ದಾಸವಾಳಕ್ಕೆ ಸೂರಕ್ಕಿ. ಲಿಂಬೆ ಗಿಡದೊಳಗೆ ಟುವ್ವಿ ಹಕ್ಕಿ. ಎಲೆಗಳ ಅಂಚು ಸೇರಿಸಿ ಹೊಲಿದು ಗೂಡು ಮಾಡುವ ಸಿಂಪಿಗ ಅದು. ಎಂಟೂವರೆ ಸುಮಾರಿಗೆ ಹರಟೆಮಲ್ಲರ ಗುಂಪು.

ಈ ಹರಟೆಮಲ್ಲನನ್ನು ನಮ್ಮ ರೈತರೆಲ್ಲ ಬಲ್ಲರು, ಆದರೆ ಗಮನಿಸಿದವರು ಕಡಿಮೆ. ಮಣ್ಣಿನ ಬಣ್ಣದ, ಅಂದವೇನೂ ಇಲ್ಲದ ಹಕ್ಕಿ. ಆರೇಳು ಒಟ್ಟಿಗೇ ಇರುತ್ತವೆ. ಹಿಂದಿ, ಉರ್ದು ಮಾತಾಡುವವರು ಇದನ್ನು 'ಸಾತ್ ಭಾಯಿ' ಎನ್ನುವುದು ಅದಕ್ಕೇ. ಒಂದು ಕೊಂಬೆಯ ಮೇಲೆ ಕಾವಲಿಗಿದ್ದರೆ ಉಳಿದವು ತರಗೆಲೆ ಮಗುಚಿ ಹುಳ ಹುಡುಕುತ್ತವೆ. ಒಂದರ ಕತ್ತಿನ ಗರಿಯನ್ನು ಇನ್ನೊಂದು ತಿದ್ದುತ್ತದೆ. ಒಂದು ಜೋಡಿಯ ಮರಿಗಳಿಗೆ ಗುಂಪಿನ ಇತರ ಹಕ್ಕಿಗಳೂ ಗುಟುಕು ಕೊಡುತ್ತವೆ ಎಂಬುದನ್ನು ಪಕ್ಷಿಶಾಸ್ತ್ರಜ್ಞರು ಖಚಿತಪಡಿಸಿದ್ದಾರೆ. ಮಳೆ ತರುತ್ತದೆಂದು ನಾವು ಕಾಯುವ ಚಾತಕ ಪಕ್ಷಿ ಮೊಟ್ಟೆಯಿಡುವುದು ಇವುಗಳ ಗೂಡಿನಲ್ಲಿಯೇ. ಸಾಕುವವನು ಹರಟೆಮಲ್ಲ, ಹೆಸರು ಚಾತಕನಿಗೆ. ಆ ವರ್ಷ ಜೂನ್‌ನಲ್ಲಿ ನಮ್ಮ ಹೊಲದ ಕಡೆ ಚಾತಕ ಕೂಗಿದ್ದೂ ಉಂಟು. ಮಳೆ ಮಾತ್ರ ಬರಲಿಲ್ಲ.

ಒಂದು ದಿನ ಬಾವಿಯ ಕಡೆಯ ತಂತಿಗೆ ಸೂರಕ್ಕಿ ಗೂಡು ಕಟ್ಟತೊಡಗಿತು. ಜೇಡರ ಬಲೆಯ ಎಳೆ, ಒಣಹುಲ್ಲು, ತೊಗಟೆಯ ಚೂರು ಸೇರಿಸಿ ತೂಗುವ ಚೀಲ. ಇದನ್ನು ಯಾರಿಗಾದರೂ ತೋರಿಸಬೇಕೆಂಬ ಆಸೆಯಾಯಿತು. ಗೆಳೆಯನ ಮನೆಗೆ ಹೋಗಿ "ಸೂರಕ್ಕಿ ಗೂಡು ಕಟ್ಟಾಕತ್ತೈತಿ, ಬಾ ನೋಡು" ಎಂದೆ. ಬೆಳೆ ನೋಡಲು ಕರೆದಿದ್ದರೆ ಅವನು ಖಂಡಿತ ಬರುತ್ತಿರಲಿಲ್ಲ. ಹಕ್ಕಿ ನೋಡಲು ಬಂದ.

ಅರ್ಧ ತಾಸು ಸುಮ್ಮನೆ ಕುಳಿತಿದ್ದು, ಕಡೆಗೆ ಒಂದೇ ಮಾತು: "ಈ ಗಾಳಿಗೆ ಇದು ಹೆಂಗ ತಡೀತದೋ?"

ಮರುದಿನ ಕರೆಯದೆಯೇ ಬಂದ. ಮೂರನೆಯ ದಿನ ಉಳಿದ ಮೂವರೂ ಬಂದರು. ಐದು ಜನ ಗಂಡಸರು ಒಂದು ಗುಬ್ಬಚ್ಚಿಗಿಂತ ಸಣ್ಣ ಹಕ್ಕಿಯ ಮನೆಕಟ್ಟುವ ಕೆಲಸ ನೋಡುತ್ತ ಕುಳಿತದ್ದನ್ನು ಕಂಡು ನಮ್ಮ ಹೆಣ್ಣುಮಕ್ಕಳು ನಕ್ಕರು. ನಗಲಿ. ಅನೇಕ ದಿನಗಳ ಮೇಲೆ ಮನೆಯಲ್ಲಿ ನಗೆ ಕೇಳಿದ್ದು ಅದೇ ಮೊದಲು.

ವಾರದ ಮೇಲೆ, ಹಕ್ಕಿಯ ಕಡೆಗೇ ಕಣ್ಣಿಟ್ಟು, ಗೆಳೆಯ ಹೇಳಿದ: ಮೂರು ವಾರದಿಂದ ನಿದ್ದೆಯಿಲ್ಲ, ರಾತ್ರಿ ಬೇಡದ ವಿಚಾರ ಬರುತ್ತವೆ, ಹೆಂಡತಿಗೂ ಹೇಳಿಲ್ಲ. ಅವನು ನಮ್ಮ ಮುಖ ನೋಡಿ ಹೇಳಬೇಕಾಗಿದ್ದರೆ ಈ ಮಾತು ಹೊರಬರುತ್ತಿತ್ತೆ ಎಂಬುದು ನನಗೆ ಸಂಶಯ. ಎದುರಾಬದುರು ಕುಳಿತರೆ ಅದು ಪಂಚಾಯಿತಿಯಾಗುತ್ತದೆ. ಐದೂ ಜನ ಒಂದೇ ಕಡೆ ಮುಖ ಮಾಡಿ ಕುಳಿತಾಗ ಯಾರಿಗೂ ಯಾರ ಮುಂದೂ ನಾಚಿಕೆಯಿಲ್ಲ.

ಬೇರೆ ದೇಶದ ಕಟ್ಟೆಗಳು

ಇದು ನಮ್ಮ ಓಣಿಯ ಹುಚ್ಚೆಂದೇ ನಾನು ತಿಳಿದಿದ್ದೆ. ಆಮೇಲೆ ಓದಿದಾಗ, ಬೇರೆಡೆಯೂ ಜನ ಇದೇ ದಾರಿ ಹಿಡಿದದ್ದು ಕಂಡುಬಂದಿತು. ಆಫ್ರಿಕದ ಜಿಂಬಾಬ್ವೆ ದೇಶದಲ್ಲಿ ಮನೋರೋಗದ ವೈದ್ಯರು ಬೆರಳೆಣಿಕೆಯಷ್ಟು. ಅಲ್ಲಿಯ ಡಾ. ಡಿಕ್ಸನ್ ಚಿಬಾಂಡಾ ಎಂಬವರು 2006ರಲ್ಲಿ ಹರಾರೆ ನಗರದಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ದವಾಖಾನೆಯ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ದುಃಖವಿದ್ದವರು ಬಂದು ಪಕ್ಕದಲ್ಲಿ ಕುಳಿತು ಹೇಳಿಕೊಳ್ಳಬೇಕು, ಅಜ್ಜಿ ಕೇಳಬೇಕು, ಇಬ್ಬರೂ ಕೂಡಿ ಒಂದು ತೊಂದರೆಗೆ ಒಂದು ದಾರಿ ಹುಡುಕಬೇಕು. ಇದರ ಫಲವನ್ನು 573 ಜನರಲ್ಲಿ ಪರೀಕ್ಷಿಸಿದ ವರದಿ 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು; ಬೆಂಚಿನ ಮೇಲೆ ಕುಳಿತವರ ಬೇಗುದಿ ಗಣನೀಯವಾಗಿ ಇಳಿದಿತ್ತು. ಆ ಅಜ್ಜಿಯರ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಹೆಸರಿನ ಅರ್ಥ 'ಬಹಳ ವಿಚಾರ ಮಾಡುವುದು'. ನಮ್ಮ ಕಡೆ "ಅವ ಭಾಳ ಇಚಾರ ಮಾಡ್ತಾನ" ಎನ್ನುತ್ತೇವಲ್ಲ, ಅದೇ.

ಹಕ್ಕಿಯ ವಿಷಯಕ್ಕೆ ಬಂದರೆ, ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 1,292 ಜನ ದಿನದಲ್ಲಿ ಹಲವು ಸಲ ತಮ್ಮ ಮನಸ್ಸು ಹೇಗಿದೆ, ಹಕ್ಕಿ ಕಂಡಿತೆ, ದನಿ ಕೇಳಿತೆ ಎಂದು ಮೊಬೈಲಿನಲ್ಲಿ ದಾಖಲಿಸಿದರು. ಹಕ್ಕಿ ಕಂಡ ಅಥವಾ ಕೇಳಿದ ಮೇಲೆ ಮನಸ್ಸು ಹಗುರಾಗಿ, ಆ ಹಗುರು ಎಂಟು ತಾಸಿನವರೆಗೂ ಉಳಿಯಬಲ್ಲುದೆಂದು ಕಂಡುಬಂದಿತು. ಖಿನ್ನತೆಯ ಕಾಯಿಲೆಯವರಲ್ಲೂ ಹೀಗೆಯೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಜಾನ್ ಬಕ್ಸ್‌ಟನ್ ಎಂಬ ಇಂಗ್ಲಿಷ್ ಅಧಿಕಾರಿ ಮುಳ್ಳುತಂತಿಯೊಳಗಿಂದಲೇ ಒಂದು ಜಾತಿಯ ಪುಟ್ಟ ಹಕ್ಕಿಯನ್ನು ನೂರಾರು ತಾಸು ನೋಡಿ, ಬಿಡುಗಡೆಯಾದ ಮೇಲೆ 1950ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಜೊತೆಯ ಸೆರೆಯಾಳುಗಳೂ ಸರದಿಯ ಮೇಲೆ ನೋಡಿ ಟಿಪ್ಪಣಿ ಬರೆದುಕೊಟ್ಟರು.

ಸಾಲ ಮತ್ತು ಮುಯ್ಯಿ

ಆದರೆ ಹಕ್ಕಿ ಸಾಲ ತೀರಿಸುವುದಿಲ್ಲ. ಗೆಳೆಯನ ಮಾತು ಹೊರಬಂದ ಮೇಲೆ ಕೆಲಸವೂ ಆಗಬೇಕಿತ್ತು. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಬೆಳೆ ಹಾನಿಯಾದವರು ಬೆಳೆಸಾಲವನ್ನು ಕಂತಿನ ಅವಧಿ ಸಾಲವಾಗಿ ಮಾರ್ಪಡಿಸಿಕೊಡಲು ಬ್ಯಾಂಕನ್ನು ಕೇಳಲು ಅವಕಾಶವಿತ್ತು. ಅವನಿಗೆ ಅದು ಗೊತ್ತಿರಲಿಲ್ಲ; ಗೊತ್ತಿದ್ದರೂ ಒಬ್ಬನೇ ಹೋಗುವ ಧೈರ್ಯ ಉಳಿದಿರಲಿಲ್ಲ. ನಮ್ಮಲ್ಲಿ ಇಬ್ಬರು ಕೂಡ ಹೋದರು. ಮೊದಲ ಸಲ ಕೆಲಸವಾಗಲಿಲ್ಲ, ಮೂರನೆಯ ಸಲ ಆಯಿತು. ಕೈಸಾಲ ಕೊಟ್ಟವರ ಮನೆಗೂ ಹೋಗಿ ಮುಂದಿನ ಸುಗ್ಗಿಯ ಮಾತಾಡಿ ಬಂದರು. ಅವನ ಹೊಲದ ಹರಗುವ ಕೆಲಸವನ್ನು ನಾವು ಮುಯ್ಯಿಯ ಮೇಲೆ ಮಾಡಿದೆವು. ಮುಯ್ಯಾಳು ನಮ್ಮ ಹಿರಿಯರದೇ ಪದ್ಧತಿ. ಕೂಲಿಯ ದುಡ್ಡು ಬಂದ ಮೇಲೆ ಮರೆತಿದ್ದೆವು, ಅಷ್ಟೆ.

ಅವನ ನಿದ್ದೆ ಮಾತ್ರ ಹರಟೆಯಿಂದ ಸರಿಹೋಗಲಿಲ್ಲ. ವೈದ್ಯರಲ್ಲಿಗೆ ಕರೆದೊಯ್ದೆವು, ಕೆಲವು ತಿಂಗಳು ಗುಳಿಗೆ ತೆಗೆದುಕೊಂಡ. ಇದನ್ನು ಮುಚ್ಚಿಡುವ ಅಗತ್ಯವಿಲ್ಲವೆಂದು ಅವನೇ ಹೇಳಿರುವುದರಿಂದ ಇಲ್ಲಿ ಬರೆದಿದ್ದೇನೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ವಾಚನಾಲಯದ ಗೋಡೆಯ ಮೇಲೆ ಈ ಸಂಖ್ಯೆಯನ್ನು ಬರೆದಿಟ್ಟರೆ ಒಳಿತು.

ಹಿತ್ತಲಲ್ಲಿ ಹಕ್ಕಿಗೆ ನೀರಿಡುವವರು ಎರಡು ಬೆರಳಿಗಿಂತ ಆಳವಿಲ್ಲದ ಮಣ್ಣಿನ ಪಾತ್ರೆ ಇಟ್ಟು, ನಡುವೆ ಒಂದು ಕಲ್ಲು ಇಡಬೇಕು. ನೀರನ್ನು ದಿನಾಲು ಬದಲಿಸಬೇಕು, ಇಲ್ಲವಾದರೆ ಸೊಳ್ಳೆಗೆ ಮನೆಯಾಗುತ್ತದೆ. ಬೆಕ್ಕು ಅಡಗಲು ಪೊದೆಯಿರುವ ಕಡೆ ಇಡಬಾರದು. ಮುಖ್ಯವಾಗಿ, ಬಿತ್ತಿ ಉಳಿದ, ಔಷಧಿ ಲೇಪಿಸಿದ ಬೀಜವನ್ನು ಹಕ್ಕಿಗಳು ತಿನ್ನುವಂತೆ ಎಂದಿಗೂ ಚೆಲ್ಲಬಾರದು, ಅದು ವಿಷ. ಹೊಲದಲ್ಲಿಯೂ ಹಕ್ಕಿಗೆ ಕೆಲಸವಿದೆ. ತೊಗರಿ, ಕಡಲೆಯಲ್ಲಿ ಎಕರೆಗೆ 20ರಂತೆ ಕವಲುಗೋಲು ನೆಟ್ಟರೆ ಕಾಜಾಣ, ಮೈನಾ ಕುಳಿತು ಕಾಯಿಕೊರಕ ಹುಳಗಳನ್ನು ಹೆಕ್ಕುತ್ತವೆ. ಕಡಲೆ ಬಿತ್ತುವಾಗ ಒಂದು ಹಿಡಿ ಜೋಳ ಬೆರೆಸಿದರೆ ಜೋಳದ ದಂಟೇ ಕೂಡುವ ಗೋಲಾಗುತ್ತದೆ.

2024ರ ಜನವರಿ 11ರಂದು ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು ಹೊಲದಲ್ಲಿ ಪೈರಿಲ್ಲ. ಹೋಗುವುದೋ ಬೇಡವೋ ಎಂದು ಎಲ್ಲರಿಗೂ ಅಳುಕು. ಕೊನೆಗೆ ಐದೂ ಮನೆಯವರು ಗೆಳೆಯನ ಒಂದೇ ಹೊಲಕ್ಕೆ ಗಾಡಿ ಹೂಡಿಸಿಕೊಂಡು ಹೋದೆವು. ಸಜ್ಜೆ ಕಡುಬು, ಜೋಳದ ರೊಟ್ಟಿ, ಪುಂಡಿ ಪಲ್ಲೆ, ಎಣ್ಣೆಗಾಯಿ. ಕೊಂಡು ತಂದ ಜೋಳದ ರೊಟ್ಟಿ ಅದು. ಬರಿಯ ಎರೆಯ ಮೇಲೆಯೇ ಚರಗ ಚೆಲ್ಲಿದೆವು. ಬೇರೆ ವರ್ಷಗಳಲ್ಲಿ ಆ ಹೊತ್ತಿಗೆ ಮಧ್ಯ ಏಷ್ಯದ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಜೋಳದ ಮೇಲೆ ಇಳಿಯುತ್ತವೆ. ನಾವು ಕವಣೆ ಬೀಸಿ ಬೈಯುತ್ತೇವೆ. ಆ ವರ್ಷ ನಮ್ಮ ಕಡೆ ಅವು ಇಳಿಯಲಿಲ್ಲ. ಇಳಿಯಲು ತೆನೆ ಎಲ್ಲಿತ್ತು? ನಾಲ್ಕು ಗುಬ್ಬಿ, ಎರಡು ಕಾಗೆ ಬಂದು ಚರಗ ತಿಂದವು. ಅತ್ತೆ ಅಷ್ಟಕ್ಕೇ ಕೈಮುಗಿದಳು.

2024ರಲ್ಲಿ ಮಳೆ ಬಂತು. ಗೆಳೆಯನ ಬಳ್ಳಿ ಬದುಕಿತ್ತು. ಅಕ್ಟೋಬರ್ ಚಾಟನಿಯ ಮೇಲೆ ಹಣ್ಣು ಹಿಡಿಯಿತು. 2025ರ ಫೆಬ್ರುವರಿಯಲ್ಲಿ ಪಿಕಳಾರ, ಗಿಳಿಗಳ ಕಾಟ ತಡೆಯಲಾರದೆ ತೋಟಕ್ಕೆ ಬಲೆ ಹಾಕಿಸಿದ. ಬಾಂದಿನ ಕಡೆಯ ಒಂದು ಸಾಲಿಗೆ ಮಾತ್ರ ಹಾಕಿಸಲಿಲ್ಲ. ಒಂದು ಸಾಲೆಂದರೆ ಎಷ್ಟು ಕಿಲೋ ಮಣೂಕವಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಿ ತೋರಿಸಿದೆ. ಅವನು ಒಪ್ಪಲಿಲ್ಲ. ಈ ವಿಷಯದಲ್ಲಿ ನಮ್ಮ ಕಟ್ಟೆಯ ಮೇಲೆ ಇನ್ನೂ ಜಗಳ ನಡೆದಿದೆ.