ಹಾಡು ಕಟ್ಟುವ ಗಂಡ-ಹೆಂಡತಿ



"ಸಾಹಿತ್ಯ: ಜನಪದ" ಎಂದು ನಾವು ಉದ್ಘೋಷಕರು ಹೇಳುವುದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಜನಪದವಾದರೂ ಹಾಡು ತಾನಾಗಿ ಹುಟ್ಟುವುದಿಲ್ಲ, ಕಟ್ಟಿದವರು ಯಾರೋ ಇರುತ್ತಾರೆ. ಕಾಕ್ಕನಾಡಿನ ಫ್ಲ್ಯಾಟುಗಳಲ್ಲಿ ನೆಲೆಸಿರುವ ನಮಗೆ ಅಂಥವರು ಕಣ್ಣಿಗೆ ಬೀಳುವುದು ಅಪರೂಪ. ಆದರೆ ಕೇರಳದ ಹಳೆಯ ಮನೆಗಳ ಅಂಗಳದಲ್ಲಿ, ನಾಗಬನಗಳಲ್ಲಿ, ಹರಿಪಾಡ್ ಬಳಿಯ ಮಣ್ಣಾರಶಾಲೆಯಂಥ ನಾಗ ದೇವಾಲಯಗಳಲ್ಲಿ ಅವರನ್ನು ಕಾಣಬಹುದು. ಅವರೇ ಪುಳ್ಳುವ ಮತ್ತು ಪುಳ್ಳುವತಿ. ಸಾಮಾನ್ಯವಾಗಿ ಗಂಡ-ಹೆಂಡತಿಯೇ ಜೋಡಿಯಾಗಿ ಕೂತು ಹಾಡುತ್ತಾರೆ.

ಗಂಡನ ಕೈಯಲ್ಲಿ ಪುಳ್ಳುವ ವೀಣೆ. ಹೆಸರಿಗೆ ವೀಣೆಯಾದರೂ ಅದು ಒಂದೇ ತಂತಿಯ ಪುಟ್ಟ ಪಿಟೀಲು, ಕಮಾನಿನಿಂದ ನುಡಿಸುವಂಥದ್ದು. ಹೆಂಡತಿಯ ಬಳಿ ಪುಳ್ಳುವನ್ ಕುಡಂ, ಅಂದರೆ ತಳ ಕೊರೆದು ಚರ್ಮ ಬಿಗಿದ ಮಣ್ಣಿನ ಕೊಡ. ಚರ್ಮದಿಂದ ಹೊರಟ ತಂತಿಯನ್ನು ಎಳೆದು ಹಿಡಿದು ಮೀಟಿದರೆ ಗುಂಯ್ ಎನ್ನುವ ನಾದ ಏರುತ್ತದೆ, ಇಳಿಯುತ್ತದೆ. ನಮ್ಮ ಎಲ್ಲಮ್ಮನ ಹಾಡಿನ ಚೌಡಿಕೆ ಕೇಳಿದ್ದರೆ ನಿಮಗೆ ತಕ್ಷಣ ನೆನಪಾಗುತ್ತದೆ. ಖಾಂಡವವನ ಉರಿದಾಗ ತಪ್ಪಿಸಿಕೊಂಡು ಬಂದ ಸರ್ಪವನ್ನು ಹೆಂಗಸೊಬ್ಬಳು ಮಡಕೆಯಲ್ಲಿಟ್ಟು ಕಾಪಾಡಿದಳೆಂಬ ಕಥೆಯೂ ಅವರಲ್ಲಿದೆ.

ಸರ್ಪಂ ತುಳ್ಳಲಿನಲ್ಲಿ ಬಣ್ಣದ ಪುಡಿಯಿಂದ ನಾಗರ ಕಳಂ ಬರೆದು ಹಾಡುತ್ತಾರೆ. ದಕ್ಷಿಣ ಕನ್ನಡದವರಿಗೆ ನಾಗಮಂಡಲದ ಡಕ್ಕೆ ವೈದ್ಯರನ್ನು ನೆನಪಿಸಿದರೆ ಸಾಕು, ಹೆಚ್ಚು ವಿವರ ಬೇಕಿಲ್ಲ. ನನಗೆ ಹೆಚ್ಚು ಇಷ್ಟವಾಗುವುದು ನಾವೇರು ಪಾಟ್ಟು. 'ನಾವ್' ಅಂದರೆ ನಾಲಗೆ. ಕಣ್ಣು ತಾಗುವ ಹಾಗೆ, ಹೊಗಳಿದವರ ನಾಲಗೆಯೂ ಮಗುವಿಗೆ ತಾಗುತ್ತದೆಂಬ ನಂಬಿಕೆ. ಅದನ್ನು ಕಳೆಯಲು ದಂಪತಿ ಮಗುವಿನ ಹೆಸರು, ಜನ್ಮನಕ್ಷತ್ರ ಕೇಳಿ ಹಾಡಿನೊಳಗೆ ಸೇರಿಸುತ್ತಾರೆ. ಚೌಕಟ್ಟು ಹಿರಿಯರದು, ಆದರೆ ಆ ಹೊತ್ತಿನ ಹಾಡು ಆ ಮಗುವಿನದೇ.

ಈಗ ಸ್ವಲ್ಪ ದೂರ ಹೋಗೋಣ. 1945ರಲ್ಲಿ ಅಮೆರಿಕದ ಮಿಲ್ವಾಕಿಯ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ ಫೆಲಿಸ್‌ಗೆ, ಅಲ್ಲಿ ಪಿಟೀಲು ನುಡಿಸಲು ಬಂದ ಬೂಡ್ಲೋ ಬ್ರಯಂಟ್ ಪರಿಚಯವಾಯಿತು. ಮದುವೆಯಾಗಿ ಇಬ್ಬರೂ ಸೇರಿ ಹಾಡು ಬರೆದರು. ಅವರ 'ಬೈ ಬೈ ಲವ್' ಹಾಡನ್ನು ಸುಮಾರು 30 ಮಂದಿ ಬೇಡವೆಂದರಂತೆ. 1957ರಲ್ಲಿ ಎವರ್ಲಿ ಸಹೋದರರು ಹಾಡಿ ಅದನ್ನು ಎಲ್ಲೆಡೆ ಮುಟ್ಟಿಸಿದರು. ಹಾಡುವುದನ್ನು ಬೇರೆಯವರಿಗೆ ಬಿಟ್ಟು ಬರೆದೇ ಬದುಕಿದ ದಂಪತಿ ಇವರು. ಅಮೆರಿಕದ ಕಾನೂನಿನಂತೆ ಎ.ಎಂ., ಎಫ್.ಎಂ. ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡಬೇಕು, ಹಾಡಿದವರಿಗೆ ಕೊಡಬೇಕಿಲ್ಲ! ನಮ್ಮಲ್ಲೂ 2012ರ ಕೃತಿಸ್ವಾಮ್ಯ ತಿದ್ದುಪಡಿ, ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲು ಕೊಟ್ಟಿತು.

ಇದಕ್ಕೆಲ್ಲ ಕಾಗದದ ಮೇಲೆ ಒಂದು ಹೆಸರು ಬೇಕು. ಪುಳ್ಳುವ ದಂಪತಿಯ ಹಾಡು ಬಾಯಿಂದ ಬಾಯಿಗೆ ಬಂದದ್ದು, ಬರೆದವರ ಜಾಗದಲ್ಲಿ ಬರೀ "ಜನಪದ". ಅವರಿಗೆ ಸಿಗುವುದು ಆ ದಿನದ ದಕ್ಷಿಣೆ, ಅಕ್ಕಿ, ಬಟ್ಟೆ. ಅಂಗಳವಿರುವ ಮನೆಗಳು ಕಡಿಮೆಯಾದ ಹಾಗೆ ಅದೂ ಕಡಿಮೆ.

ನಿಮ್ಮ ಮಗುವಿಗೆ ನಾವೇರು ಹಾಡಿಸುವುದಾದರೆ ನಕ್ಷತ್ರವನ್ನು ಮಲಯಾಳದಲ್ಲಿ ತಿಳಿದುಕೊಂಡಿರಿ: ಆಶ್ಲೇಷಾ ಇಲ್ಲಿ ಆಯಿಲ್ಯಂ, ಆರ್ದ್ರಾ ತಿರುವಾದಿರ, ಸ್ವಾತಿ ಚೋದಿ. ಹಾಗೆಯೇ ಹಾಡಿದವರ ಹೆಸರನ್ನೂ ಕೇಳಿ ಬರೆದಿಡಿ, ಇಬ್ಬರದೂ.