ಇಂಕಾ ಆಕಾರ, ಚಿಮೂ ಕೈಗುಣ

ಇಂಕಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮಾಚು ಪಿಚುವಿನ ಕಲ್ಲಿನ ಗೋಡೆ. ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಒಂದು ಕಪ್ಪು ಹೂಜಿ.

ಸುಮಾರು 1470ರಲ್ಲಿ ಇಂಕಾಗಳು ಪೆರುವಿನ ಉತ್ತರ ಕರಾವಳಿಯ ಚಿಮೂ ರಾಜ್ಯವನ್ನು ಗೆದ್ದರು. ಅಲ್ಲಿನ ಎಷ್ಟೋ ಕುಶಲಕರ್ಮಿಗಳನ್ನು ರಾಜಧಾನಿ ಕುಸ್ಕೋಗೆ ಕರೆದೊಯ್ದರು. ಊರಲ್ಲೇ ಉಳಿದ ಕುಂಬಾರರು ಇಂಕಾಗಳ ಉದ್ದ ಕತ್ತಿನ, ಚೂಪು ತಳದ ಹೂಜಿ ಮಾಡತೊಡಗಿದರು. ಆದರೆ ಇಂಕಾಗಳ ಹಾಗೆ ಬಣ್ಣದ ಚಿತ್ತಾರ ಬರೆಯದೆ, ತಮ್ಮ ಹಳೇ ಪದ್ಧತಿಯಂತೆ ಹೊಗೆಯಲ್ಲಿ ಸುಟ್ಟು ಕಪ್ಪಾಗಿಸಿದರು.

ಕಟ್ಟಡದಲ್ಲೂ ಇದೇ ಕಥೆ. ಪಿಸ್ಕೋ ಕಣಿವೆಯ ಟಾಂಬೋ ಕೊಲೊರಾಡೋ ನೋಡಿ: ಕೆಳಗೆ ಅಗಲ, ಮೇಲೆ ಕಿರಿದಾದ ಗೂಡುಗಳು ಇಂಕಾ ಶೈಲಿಯವು, ಗೋಡೆ ಕರಾವಳಿಯ ಹಸಿ ಇಟ್ಟಿಗೆಯದು.

ಆಕಾರ ಗೆದ್ದವರದು, ಮಣ್ಣು ಮತ್ತು ಕೈಗುಣ ಸೋತವರದು. ಮ್ಯೂಸಿಯಂನಲ್ಲಿ ‘ಇಂಕಾ’ ಅನ್ನೋ ಚೀಟಿ ಕಂಡರೆ, ಮಾಡಿದವರು ಯಾರು ಅಂತ ಒಮ್ಮೆ ಕೇಳಿ.